ಸರಾಸರಿಯಲ್ಲಿ ಅಡಗಿದ ಗಾಳಿ

(ಸುವರ್ಣ ಮಹೋತ್ಸವದ ಹಳೆ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಲಾಯಿಲದ ಈ ಶಾಲೆಯಲ್ಲಿ ಕಲಿತ ಎರಡು ಲೆಕ್ಕಗಳು ನನ್ನ ಕೆಲಸದುದ್ದಕ್ಕೂ ಜೊತೆಗೆ ಬಂದವು: ಸರಾಸರಿ ಮತ್ತು ಮ.ಸಾ.ಅ.

ನನ್ನ ಕೆಲಸ ಜೆಟ್ ಎಂಜಿನಿನ ಕಂಪ್ರೆಸರ್ ಮೇಲೆ. ಇಂಧನ ಉರಿಯುವ ಮೊದಲು ಗಾಳಿಯನ್ನು ಒತ್ತಿ ಕೊಡುವ ಭಾಗ ಅದು. ಅದರಲ್ಲಿ ಒಂದು ಸಾಲು ಬ್ಲೇಡುಗಳು ತಿರುಗುತ್ತವೆ, ಹಿಂದಿನ ಸಾಲು ನಿಂತೇ ಇರುತ್ತದೆ. ಇಂಥ ಒಂದು ಜೋಡಿಗೆ ಒಂದು ಹಂತ ಎನ್ನುತ್ತಾರೆ. ಬೆಂಗಳೂರಿನ ಜಿ.ಟಿ.ಆರ್.ಇ. ಸಂಸ್ಥೆಯ ಕಾವೇರಿ ಎಂಜಿನಿಗೆ 1989ರಲ್ಲಿ ಮಂಜೂರಾತಿ ಸಿಕ್ಕಿತು. ಅದರ ಫ್ಯಾನಿನಲ್ಲಿ 3 ಹಂತ, ಹಿಂದಿನ ಕಂಪ್ರೆಸರಿನಲ್ಲಿ 6 ಹಂತ.

ಮಳೆಗಾಲದಲ್ಲಿ ಸೇತುವೆಯ ಮೇಲಿಂದ ನೇತ್ರಾವತಿಯನ್ನು ನೋಡಿ. ಕಂಬದ ಹಿಂದೆ ನೀರು ಸುಳಿ ಸುತ್ತುತ್ತದೆ. ಬ್ಲೇಡಿನ ಹಿಂದೆ ಗಾಳಿಯೂ ಹಾಗೆಯೇ ಕದಡುತ್ತದೆ. ಆದರೆ ಇಲ್ಲಿ ಕಂಬಗಳೇ ಓಡುತ್ತಿರುತ್ತವೆ! 40 ಬ್ಲೇಡುಗಳ ಚಕ್ರ ನಿಮಿಷಕ್ಕೆ 12,000 ಸುತ್ತು ತಿರುಗಿದರೆ, ಹಿಂದೆ ನಿಂತ ಒಂದೊಂದು ಬ್ಲೇಡಿಗೂ ಸೆಕೆಂಡಿಗೆ 8,000 ಪೆಟ್ಟು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಸಣ್ಣ ಪರೀಕ್ಷಾ ಯಂತ್ರದಲ್ಲಿ ಒತ್ತಡ ಅಳೆಯುವ ಹೊಣೆ ನನ್ನದಾಗಿತ್ತು. ನನ್ನ ಮಾಪಕ ನಿಧಾನದ್ದು. ಸಾವಿರಾರು ಏರಿಳಿತಗಳನ್ನು ಕಲಸಿ ಒಂದು ಸರಾಸರಿ ತೋರಿಸುತ್ತಿತ್ತು. ಕಾಗದದ ಮೇಲೆ ನೇರ ಗೆರೆ. "ಹರಿವು ಸ್ಥಿರವಾಗಿದೆ" ಎಂದು ಬರೆದು ಸಹಿ ಹಾಕಿದೆ. ಕೆಲವು ದಿನಗಳ ಮೇಲೆ ಯಂತ್ರ ಬಿಚ್ಚಿದಾಗ ನಿಂತ ಸಾಲಿನ ಒಂದು ಬ್ಲೇಡಿನ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ಓಡುವಾಗ ಅದು ಮುರಿದಿದ್ದರೆ ಹಿಂದಿನ ಸಾಲುಗಳೂ ಪುಡಿಯಾಗುತ್ತಿದ್ದವು. ನನ್ನ ಮೇಲಧಿಕಾರಿ ನಮ್ಮ ಕಡೆಯವರೇ. ಬೈಯಲಿಲ್ಲ. "ನಿನ್ನ ಸರಾಸರಿ ಸರಿಯೇ ಉಂಟು ಮಾರಾಯ. ಆದರೆ ಬ್ಲೇಡಿಗೆ ಬೀಳುವುದು ಸರಾಸರಿ ಪೆಟ್ಟಲ್ಲವಲ್ಲ" ಎಂದರು.

ಗಂಟೆಗಿರುವಂತೆ ಬ್ಲೇಡಿಗೂ ತನ್ನದೇ ಕಂಪನವಿದೆ. ಹದ ನೋಡಿ ತಳ್ಳಿದರೆ ಉಯ್ಯಾಲೆ ಮೇಲೇರುವ ಹಾಗೆ, ಪೆಟ್ಟಿನ ಲಯ ಆ ಕಂಪನಕ್ಕೆ ಕೂಡಿಬಂದರೆ ಲೋಹವೂ ದಣಿದು ಬಿರಿಯುತ್ತದೆ. ವೇಗದ ಮಾಪಕ ಹಾಕಿ ನೋಡಿದೆವು. ನೇರ ಗೆರೆಯ ಜಾಗದಲ್ಲಿ ಗರಗಸದ ಹಲ್ಲುಗಳು!

ಸಾಲುಗಳ ನಡುವಿನ ಅಂತರ ಹೆಚ್ಚಿಸಿದರೆ ಪೆಟ್ಟು ತಗ್ಗುತ್ತದೆ, ಆದರೆ ಎಂಜಿನು ಉದ್ದವಾಗಿ ತೂಕ ಏರುತ್ತದೆ. ಬ್ಲೇಡಿನ ಆಕಾರ ತಿದ್ದಿ ಅದರ ಕಂಪನವನ್ನು ಪೆಟ್ಟಿನ ಲಯದಿಂದ ದೂರ ಸರಿಸಬಹುದು. ಇನ್ನೊಂದು ಉಪಾಯ ನಮ್ಮ ಮ.ಸಾ.ಅ. ಎರಡೂ ಸಾಲಿನಲ್ಲಿ 40 ಬ್ಲೇಡುಗಳಿದ್ದರೆ ಎಲ್ಲ ಪೆಟ್ಟುಗಳೂ ಒಂದೇ ಕ್ಷಣಕ್ಕೆ ಬೀಳುತ್ತವೆ. 40ರ ಹಿಂದೆ 41 ಇಟ್ಟರೆ ಒಂದಾದ ಮೇಲೊಂದು ಬೀಳುತ್ತವೆ. ಮ.ಸಾ.ಅ. 1 ಬರುವ ಸಂಖ್ಯೆಗಳನ್ನು ಹುಡುಕುವುದು ಇದಕ್ಕಾಗಿ.

ಎಂಟನೇ ತರಗತಿಯ ಗಣಿತದಲ್ಲಿ ನನಗೆ 100ಕ್ಕೆ 19 ಅಂಕ. ತರಗತಿಯ ಸರಾಸರಿ ಚೆನ್ನಾಗಿಯೇ ಇತ್ತು. ಗಣಿತದ ಮಾಷ್ಟ್ರು ಅಷ್ಟಕ್ಕೇ ಸಮಾಧಾನಪಡಬಹುದಿತ್ತು. ಅವರು ಮಳೆಗಾಲವಿಡೀ ಸಂಜೆ ನನ್ನನ್ನು ಕೂರಿಸಿ ಇದೇ ಮ.ಸಾ.ಅ. ಕಲಿಸಿದರು. ಸರಾಸರಿಯ ಹಿಂದೆ ಯಾರಿದ್ದಾರೆಂದು ನೋಡುವ ಗುರುಗಳು ಈ ಶಾಲೆಗೆ ಮುಂದೆಯೂ ಸಿಗಲಿ.