ಒಂದು ಡಾಲರಿನ ಹಕ್ಕು ಮತ್ತು ನಮ್ಮೂರಿನ ಬಿಸಿಲು



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ 'ಸಕ್ಕರಿ ಬ್ಯಾನಿ' ಎಂದೊಡನೆ ಗುಳಿಗೆ ನುಂಗುವ ಹಿರಿಯರೇ ಕಣ್ಣಮುಂದೆ ಬರುತ್ತಾರೆ. ಆದರೆ ನಿಮ್ಮ ವಯಸ್ಸಿನವರಿಗೂ, ಇನ್ನೂ ಚಿಕ್ಕವರಿಗೂ ಬರುವ ಇನ್ನೊಂದು ಬಗೆಯ ಮಧುಮೇಹವಿದೆ. ಅದರಲ್ಲಿ ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳು ನಾಶವಾಗಿ ಇನ್ಸುಲಿನ್ ಉತ್ಪತ್ತಿಯೇ ನಿಂತುಹೋಗುತ್ತದೆ. ಅಂಥ ಮಗುವಿಗೆ ದಿನವೂ ಇನ್ಸುಲಿನ್ ಚುಚ್ಚುಮದ್ದು ಬೇಕೇ ಬೇಕು. ಇಲ್ಲವಾದರೆ ಬದುಕು ಉಳಿಯದು.

ಈ ಮದ್ದು ಹುಟ್ಟಿದ್ದು ಒಂದು ವಿಶ್ವವಿದ್ಯಾಲಯದಲ್ಲಿ. ಕೆನಡಾದ ಟೊರಾಂಟೊದಲ್ಲಿ, ಪ್ರಾಧ್ಯಾಪಕ ಮೆಕ್ಲಿಯಾಡ್ ಅವರ ಪ್ರಯೋಗಾಲಯದಲ್ಲಿ, 1921ರಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ನಾಯಿಗಳ ಮೇಲೆ ಪ್ರಯೋಗ ನಡೆಸಿ ಗ್ರಂಥಿಯ ಸಾರವನ್ನು ತೆಗೆದರು. 1922ರ ಜನವರಿ 11ರಂದು 14 ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಅದನ್ನು ಚುಚ್ಚಿದಾಗ ಹೇಳಿಕೊಳ್ಳುವಂಥ ಗುಣ ಕಾಣಲಿಲ್ಲ, ಸಾರ ಶುದ್ಧವಾಗಿರಲಿಲ್ಲ. ಜೇಮ್ಸ್ ಕಾಲಿಪ್ ಅದನ್ನು ಶುದ್ಧಗೊಳಿಸಿದ ಮೇಲೆ, ಅದೇ ತಿಂಗಳ 23ರಿಂದ, ಹುಡುಗ ಚೇತರಿಸಿಕೊಂಡ. ದೂರದರ್ಶನದಲ್ಲಿ ನಾವು ಸಾಮಾನ್ಯವಾಗಿ ಕಥೆಯನ್ನು ಇಲ್ಲಿಗೇ ಮುಗಿಸಿಬಿಡುತ್ತೇವೆ. ಆದರೆ ಒಬ್ಬ ಹುಡುಗನಿಗೆ ಸಿಕ್ಕಿದ್ದು ಲಕ್ಷಾಂತರ ಜನರಿಗೆ ಸಿಗುವುದು ಹೇಗೆ, ಎಷ್ಟು ಬೆಲೆಗೆ?

ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ಮೂವರೂ ಪೇಟೆಂಟ್ ಹಕ್ಕನ್ನು ತಲಾ 1 ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದರು. ಅಷ್ಟರಿಂದಲೇ ಬಾಟಲಿಗಳು ತುಂಬಲಿಲ್ಲ. ದನ, ಹಂದಿಗಳ ಗ್ರಂಥಿಗಳು ರಾಶಿರಾಶಿಯಾಗಿ ಬೇಕಿದ್ದವು. ಅಮೆರಿಕದ ಎಲಿ ಲಿಲ್ಲಿ ಕಂಪನಿ ಕೈಜೋಡಿಸಿದ ಮೇಲೆಯೇ ಹೇರಳವಾಗಿ ತಯಾರಾಯಿತು. 1978ರಲ್ಲಿ ಬ್ಯಾಕ್ಟೀರಿಯಾದಿಂದಲೇ ಮಾನವ ಇನ್ಸುಲಿನ್ ಪಡೆಯುವ ವಿಧಾನ ಬಂತು. ನಮ್ಮ ಬೆಂಗಳೂರಿನ ಬಯೋಕಾನ್ 'ಪಿಕಿಯಾ' ಎಂಬ ಯೀಸ್ಟ್‌ನಿಂದ ತಯಾರಿಸಿ 2004ರಲ್ಲಿ ಮಾರುಕಟ್ಟೆಗೆ ತಂದಿತು. 2019ರಲ್ಲಿ, ಬಡ ಹಾಗೂ ಮಧ್ಯಮ ಆದಾಯದ ದೇಶಗಳ ಸರಕಾರಗಳಿಗೆ ದಿನಕ್ಕೆ 10 ಅಮೆರಿಕನ್ ಸೆಂಟ್‌ಗಿಂತ ಕಡಿಮೆ ಬೆಲೆಗೆ ಕೊಡುವುದಾಗಿ ಘೋಷಿಸಿತು. 1 ಡಾಲರಿನ ಹಕ್ಕಿನ ಮದ್ದು ಮುಂದೆ ಅಮೆರಿಕದಲ್ಲೇ ಎಷ್ಟೋ ರೋಗಿಗಳಿಗೆ ಎಟುಕದಷ್ಟು ತುಟ್ಟಿಯಾದದ್ದು ಮಾತ್ರ ವಿಪರ್ಯಾಸ.

ನಿಮ್ಮ ಊರಿಗೆ ಇನ್ನೂ ಒಂದು ತೊಡಕಿದೆ. ತೆರೆಯದ ಇನ್ಸುಲಿನ್ ಬಾಟಲಿಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ವಿಜಯಪುರ ಜಿಲ್ಲೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಕಾವಿನಲ್ಲಿ ಇನ್ಸುಲಿನ್ ಅಣುಗಳು ಎಳೆಎಳೆಯಾಗಿ ಹೆಣೆದುಕೊಂಡು ಸತ್ವ ಕಳೆದುಕೊಳ್ಳುತ್ತವೆ. ಈ ಹೆಣಿಗೆಯನ್ನು ತಡೆಯುವ ಪುಟ್ಟ ಪೆಪ್ಟೈಡ್‌ಗಳ ಸಂಶೋಧನೆಯನ್ನು ಕೋಲ್ಕತ್ತಾ ಮತ್ತು ಹೈದರಾಬಾದಿನ ವಿಜ್ಞಾನಿಗಳು 2021ರಲ್ಲಿ ಪ್ರಕಟಿಸಿದರು. ಇಂಡಿ, ಸಿಂದಗಿಯ ಹಳ್ಳಿಗಳಿಗೆ ದುಬಾರಿ ಹೊಸ ಮದ್ದಿಗಿಂತ ಇದೇ ಹೆಚ್ಚು ಬೆಲೆಯುಳ್ಳದ್ದೆಂದು ನನ್ನ ಎಣಿಕೆ. ಆದರೆ ಪ್ರಕಟವಾದ ಲೇಖನ ಬಾಟಲಿಯಾಗಲು ರೋಗಿಗಳ ಮೇಲಿನ ಪರೀಕ್ಷೆ, ಸರಕಾರದ ಅನುಮತಿ, ಬಂಡವಾಳ ಹೂಡುವ ಕಂಪನಿ, ಇಷ್ಟೂ ಬೇಕು.

ಫ್ರಿಜ್ ಇಲ್ಲದ ಕಡೆ ದೊಡ್ಡ ಮಣ್ಣಿನ ಗಡಿಗೆಯೊಳಗೆ ಸಣ್ಣದನ್ನಿಟ್ಟು, ನಡುವೆ ಒದ್ದೆ ಮರಳು ತುಂಬಿ ಬಾಟಲಿ ಇಡುವವರಿದ್ದಾರೆ. ನೀರು ಆವಿಯಾಗುತ್ತಾ ಒಳಗಿನ ಶಾಖವನ್ನು ಹೀರುತ್ತದೆ. ಒಣಹವೆಯಲ್ಲಿ ಇದು ಚೆನ್ನಾಗಿ ನಡೆಯುತ್ತದೆ, ಆದರೆ ಫ್ರಿಜ್‌ನಷ್ಟು ತಂಪಾಗದು. ಎಷ್ಟು ಡಿಗ್ರಿ ಇಳಿಯುತ್ತದೆ? ನಿಮ್ಮ ಶಾಲೆಯಲ್ಲಿ ಥರ್ಮಾಮೀಟರ್ ಇದೆ. ಏಪ್ರಿಲ್‌ನಲ್ಲಿ ಒಂದು ವಾರ, ಮಧ್ಯಾಹ್ನ 2 ಗಂಟೆಗೆ, ಗಡಿಗೆಯ ಒಳಗೂ ಹೊರಗೂ ಅಳೆದು ಬರೆದಿಡಿ. ರೋಗಿಯ ಮದ್ದನ್ನು ಮಾತ್ರ ಈ ಪ್ರಯೋಗಕ್ಕೆ ಮುಟ್ಟಬೇಡಿ.