ಸೂರಿನ ಲೆಕ್ಕ ಮತ್ತು ಕೈಗಣಕ



ನೀವು ಕುಳಿತಿರುವ ಮನೆಯ ಸೂರನ್ನು ಒಮ್ಮೆ ತಲೆಯೆತ್ತಿ ನೋಡಿ. ಅದು ಆರ್.ಸಿ.ಸಿ.ಯೋ, ಮಂಗಳೂರು ಹೆಂಚೋ, ನಾಡಹೆಂಚೋ, ತಗಡೋ, ಹುಲ್ಲೋ? ಗೋಡೆ ಸುಟ್ಟ ಇಟ್ಟಿಗೆಯದೋ, ಹಸಿ ಇಟ್ಟಿಗೆಯದೋ? ಇದೇನು ದೊಡ್ಡ ಪ್ರಶ್ನೆ ಎಂದು ನಿಮಗೆ ಅನ್ನಿಸಬಹುದು. 2011ರಲ್ಲಿ ಆರಂಭವಾದ ಒಂದು ಗಣತಿಯಲ್ಲಿ ದೇಶದ ಮನೆಮನೆಗೂ ಹೋಗಿ ಇದೇ ಪ್ರಶ್ನೆಯನ್ನು ಕೇಳಿದರು. ಉತ್ತರವನ್ನು ಕೈಯಲ್ಲಿ ಹಿಡಿದ ಪುಟ್ಟ ಗಣಕಯಂತ್ರದಲ್ಲಿ ಒತ್ತಿಕೊಂಡು ಮುಂದಿನ ಮನೆಗೆ ಹೋದರು. ಹಳ್ಳಿಗಾಡಿನಲ್ಲಿ ಸರ್ಕಾರದ ನೆರವಿನ ಮನೆ ಯಾರಿಗೆ ಸಿಗಬೇಕು ಎಂಬುದು ಮುಂದೆ ಬಹುಮಟ್ಟಿಗೆ ಆ ಒಂದು ಒತ್ತಿನ ಮೇಲೆ ನಿಂತಿತು.

ಅದರ ಹೆಸರು ಸಾಮಾಜಿಕ, ಆರ್ಥಿಕ ಮತ್ತು ಜಾತಿ ಗಣತಿ. 2011ರ ಜೂನ್ 29ರಂದು ಪಶ್ಚಿಮ ತ್ರಿಪುರಾ ಜಿಲ್ಲೆಯಲ್ಲಿ ಆರಂಭವಾಗಿ, ಆಗಿದ್ದ 640 ಜಿಲ್ಲೆಗಳಿಗೂ ಹಬ್ಬಿತು. ಕಾಗದದ ನಮೂನೆಯನ್ನು ಕೈಬಿಟ್ಟು ನಡೆಸಿದ ನಮ್ಮ ದೇಶದ ಮೊದಲ ದೊಡ್ಡ ಗಣತಿ ಇದು. ಇದಕ್ಕೆ ಬೇಕಾದ ಸುಮಾರು 6.4 ಲಕ್ಷ ಟ್ಯಾಬ್ಲೆಟ್‌ಗಳನ್ನು ಒದಗಿಸಿದ್ದು ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ. ಕೈಗಣಕ ಆ ಸಂಸ್ಥೆಗೆ ಹೊಸದಾಗಿರಲಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವು ಪ್ರಾಧ್ಯಾಪಕರು ಸೇರಿ ರೂಪಿಸಿದ ‘ಸಿಂಪ್ಯೂಟರ್’ ಎಂಬ ಅಗ್ಗದ, ಬಹುಭಾಷೆಯ ಕೈಗಣಕ 2004ರಲ್ಲಿ ಮಾರುಕಟ್ಟೆಗೆ ಬಂದಾಗ ಅದನ್ನು ತಯಾರಿಸಿದ್ದೂ ಇವರೇ. ಸಿಂಪ್ಯೂಟರ್ ಎಣಿಸಿದಷ್ಟು ಮಾರಾಟವಾಗಲಿಲ್ಲ. ಆದರೂ ಅಕ್ಷರ ಕಲಿಯದವರ ಬಾಗಿಲಿಗೂ ಗಣಕ ಹೋಗಬೇಕೆಂಬ ಆ ಕಲ್ಪನೆ ದೊಡ್ಡದು ಎಂದೇ ನನ್ನ ಅಭಿಪ್ರಾಯ.

ಕಾಗದವನ್ನು ಏಕೆ ಬಿಡಬೇಕು? ಕಾಗದಕ್ಕೆ ಬಾಯಿಲ್ಲ. ‘ಕೋಣೆಗಳ ಸಂಖ್ಯೆ’ ಎಂಬ ಕಡೆ ಖಾಲಿ ಬಿಟ್ಟರೆ ಅದು ಕೇಳುವುದಿಲ್ಲ. 2 ಬರೆಯುವ ಕಡೆ 22 ಬರೆದರೆ ತಕರಾರು ಮಾಡುವುದಿಲ್ಲ. ತಪ್ಪು ಗೊತ್ತಾಗುವುದು ತಿಂಗಳುಗಳ ನಂತರ, ದೂರದ ಯಾವುದೋ ಕಚೇರಿಯಲ್ಲಿ. ಆ ಹೊತ್ತಿಗೆ ಮನೆಯವರೂ ಎದುರಿಗಿಲ್ಲ, ಬರೆದವರಿಗೂ ನೆನಪಿಲ್ಲ. ಕೈಗಣಕಕ್ಕೆ ಮೊದಲೇ ನಿಯಮ ಹೇಳಿಕೊಟ್ಟಿರುತ್ತಾರೆ. ಉತ್ತರ ಖಾಲಿಯಿದ್ದರೆ ಅದು ಮುಂದಿನ ಪುಟ ತೆರೆಯುವುದಿಲ್ಲ. ಒಂದು ಉತ್ತರ ಇನ್ನೊಂದಕ್ಕೆ ಹೊಂದದಿದ್ದರೆ ಜಗಲಿಯ ಮೇಲೆ ಕುಳಿತಿರುವಾಗಲೇ ಎಚ್ಚರಿಸುತ್ತದೆ. ಕಾಗದ ನೋಡಿಕೊಂಡು ಮತ್ತೆ ಗಣಕಕ್ಕೆ ತುಂಬುವ ಕೆಲಸವೇ ಇಲ್ಲವಾದ್ದರಿಂದ ಅಲ್ಲಿ ನುಸುಳುವ ತಪ್ಪುಗಳೂ ಇಲ್ಲ. ಈ ಗಣತಿಯಲ್ಲಿ ಗಣತಿದಾರರ ಜೊತೆಗೆ ಯಂತ್ರ ಒತ್ತಲು ಮತ್ತೊಬ್ಬರು ಇರುತ್ತಿದ್ದರು: ಒಬ್ಬರ ಬಾಯಲ್ಲಿ ಪ್ರಶ್ನೆ, ಇನ್ನೊಬ್ಬರ ಬೆರಳಲ್ಲಿ ಉತ್ತರ.

ಇಲ್ಲಿಯವರೆಗೆ ಯಂತ್ರದ ಹೊಗಳಿಕೆಯಾಯಿತು. ಇನ್ನು ಯಂತ್ರದ ಒಳಗೆ ಏನಿತ್ತು ಎಂದು ನೋಡೋಣ.

ಗೋಡೆಗೆ ಒಂದರಿಂದ ಒಂಬತ್ತರವರೆಗೆ ಸಂಕೇತ ಸಂಖ್ಯೆಗಳು, ಚಾವಣಿಗೂ ಹಾಗೆಯೇ. ಗೋಡೆಯಲ್ಲಿ ಹುಲ್ಲು ಬಿದಿರು, ಪ್ಲಾಸ್ಟಿಕ್, ಮಣ್ಣು ಅಥವಾ ಹಸಿ ಇಟ್ಟಿಗೆ, ಮರ, ಗಾರೆಯಿಲ್ಲದೆ ಪೇರಿಸಿದ ಕಲ್ಲು, ಇವು ‘ಕಚ್ಚಾ’. ಗಾರೆ ಹಾಕಿದ ಕಲ್ಲು, ತಗಡು ಅಥವಾ ಆಸ್ಬೆಸ್ಟಾಸ್ ಶೀಟು, ಸುಟ್ಟ ಇಟ್ಟಿಗೆ, ಕಾಂಕ್ರೀಟು, ಇವು ‘ಪಕ್ಕಾ’. ಚಾವಣಿಯ ಪಟ್ಟಿ ಇನ್ನೂ ಸ್ವಾರಸ್ಯಕರ. ಕೈಯಿಂದ ಮಾಡಿದ ಹೆಂಚು ಕಚ್ಚಾ, ಯಂತ್ರದಿಂದ ಮಾಡಿದ ಹೆಂಚು ಪಕ್ಕಾ! ಎಂದರೆ ಕುಂಬಾರರ ನಾಡಹೆಂಚು ಒಂದು ಕಡೆ, 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಕಾರ್ಖಾನೆ ಹೂಡಿ ತೆಗೆದ ಹೆಂಚಿನ ವಂಶ ಇನ್ನೊಂದು ಕಡೆ.

ಈಗ ನಮ್ಮ ಉತ್ತರ ಕರ್ನಾಟಕದ ಒಂದು ಮಾಳಿಗೆ ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ದಪ್ಪ ಗೋಡೆ, ಮರದ ತೊಲೆಗಳ ಮೇಲೆ ಮಣ್ಣು ಹೊದಿಸಿದ ಚಾವಣಿ, ಬೇಸಿಗೆಯಲ್ಲೂ ಒಳಗೆ ತಂಪು. ಅಜ್ಜನ ಕಾಲದಿಂದ ನಿಂತಿದ್ದರೂ ಆ ಚಾವಣಿ ಪಟ್ಟಿಯ ಪ್ರಕಾರ ಕಚ್ಚಾ. ಊರಾಚೆ ನಾಲ್ಕು ಕಡೆಗೂ ತಗಡು ಬಡಿದು, ಮೇಲೊಂದು ತಗಡು ಹೊದಿಸಿದ ಶೆಡ್ಡು ಇದೆ. ಮಧ್ಯಾಹ್ನ ಒಳಗೆ ಕೂರುವ ಹಾಗಿಲ್ಲ. ಅದು ಪಕ್ಕಾ! ಕಲ್ಲನ್ನು ಮಣ್ಣಿನ ಕೆಸರಿನಲ್ಲಿ ಕೂಡಿಸಿ ಕಟ್ಟಿದ ಗೋಡೆಯಿದ್ದರೆ ಅದು ಗಾರೆಯೋ ಅಲ್ಲವೋ? ಅಲ್ಲಿ ಯಂತ್ರ ಸುಮ್ಮನಿರುತ್ತದೆ, ತೀರ್ಮಾನ ಮಾಡುವುದು ಬೆರಳು. ಉತ್ತರ ಖಾಲಿಯಿದ್ದರೆ ತಡೆಯುವ ಯಂತ್ರ, ಉತ್ತರ ತಪ್ಪಿದ್ದರೆ ತಡೆಯಲಾರದು. ಆ ತಪ್ಪು ನಿಯಮಕ್ಕೆ ಹೊಂದಿಕೊಂಡಿದ್ದರೆ ಸಾಕು, ಅದಕ್ಕೆ ತೃಪ್ತಿ.

2015ರ ಜುಲೈಯಲ್ಲಿ ಗ್ರಾಮೀಣ ಭಾಗದ ಲೆಕ್ಕ ಪ್ರಕಟವಾಯಿತು. 17.91 ಕೋಟಿ ಗ್ರಾಮೀಣ ಕುಟುಂಬಗಳ ಪೈಕಿ ಕಚ್ಚಾ ಗೋಡೆ, ಕಚ್ಚಾ ಚಾವಣಿಯ ಒಂದೇ ಕೋಣೆಯಲ್ಲಿ ಬದುಕುತ್ತಿದ್ದವು 2.37 ಕೋಟಿ. 2016ರಲ್ಲಿ ಬಂದ ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗ ಈ ಗಣತಿಯ ಪಟ್ಟಿಯನ್ನೇ ಆಧಾರವಾಗಿ ಹಿಡಿಯಿತು: ಮನೆಯೇ ಇಲ್ಲದವರು, ಮತ್ತು ಗೋಡೆ, ಚಾವಣಿ ಎರಡೂ ಕಚ್ಚಾ ಇರುವ ಎರಡು ಕೋಣೆಯೊಳಗಿನ ಮನೆಯವರು. ಬಯಲುಸೀಮೆಯಲ್ಲಿ ನೆರವು 1.20 ಲಕ್ಷ ರೂಪಾಯಿ. ತಗಡಿನ ಶೆಡ್ಡಿನವರು ಎಲ್ಲಿ ನಿಂತರು ಎಂದು ನೀವೇ ಊಹಿಸಬಹುದು. ಪಟ್ಟಿಯನ್ನು ಗ್ರಾಮಸಭೆಯ ಮುಂದಿಟ್ಟು ಪರಿಶೀಲಿಸಬೇಕೆಂಬ ನಿಯಮವಿತ್ತು ಎಂಬುದನ್ನೂ ಹೇಳಬೇಕು. ಆದರೆ ಗ್ರಾಮಸಭೆಯ ದಿನ ಕೂಲಿಗೆ ಹೋದವರ ಪರವಾಗಿ ಅಲ್ಲಿ ಯಾರು ಮಾತನಾಡುತ್ತಾರೆ?

ಉಪಗ್ರಹದ ನೆರವಿನಿಂದ ಸ್ಥಳ ಗುರುತಿಸುವ ಮೊಬೈಲು ಬಂದ ಮೇಲೆ ಮನೆಯ ಛಾಯಾಚಿತ್ರವೂ ದಾಖಲೆಯಾಯಿತು. ಹಳೆಯ ಮನೆಯನ್ನೂ, ಹೊಸ ಮನೆ ಏಳುವ ಒಂದೊಂದು ಹಂತವನ್ನೂ ಅಲ್ಲೇ ನಿಂತು ಚಿತ್ರ ತೆಗೆದು ಕಳಿಸಬೇಕು. ಕಟ್ಟದ ಮನೆಗೆ ಹಣ ಎತ್ತುವುದು ಇದರಿಂದ ಕಷ್ಟವಾಗುತ್ತದೆ, ಒಳ್ಳೆಯದೇ. ಆದರೆ ಕ್ಯಾಮೆರಾದ ಕಸುಬಿನವನಾದ ನನಗೆ ಚಿತ್ರದ ಮೇಲೆ ಅಷ್ಟು ಭರವಸೆಯಿಲ್ಲ. ಹಬ್ಬಕ್ಕೆಂದು ಸುಣ್ಣ ಬಳಿದ ಮಣ್ಣಿನ ಗೋಡೆ ಬೆಳಗಿನ ಬಿಸಿಲಿನಲ್ಲಿ ಸಿಮೆಂಟಿನ ಗೋಡೆಯಂತೆಯೇ ಕಾಣುತ್ತದೆ. ಬೆರಳಿನಿಂದ ತಟ್ಟಿ ನೋಡಿದರೆ ಮಾತ್ರ ತಿಳಿಯುತ್ತದೆ.

ಇನ್ನೊಂದು ತೊಡಕು ಕಾಲದ್ದು. 2011ರಲ್ಲಿ ಗಟ್ಟಿಯಾಗಿದ್ದ ಮನೆ ಮರುವರ್ಷದ ಮಳೆಗೆ ಕುಸಿದರೂ ಗಣಕದಲ್ಲಿ ಅದು ಹಾಗೆಯೇ ನಿಂತಿರುತ್ತದೆ. ಅಣ್ಣತಮ್ಮಂದಿರು ಪಾಲಾಗಿ ಒಂದು ಕುಟುಂಬ ಮೂರಾದರೂ ಅದಕ್ಕೆ ಗೊತ್ತಾಗದು. ಹೀಗೆ ಪಟ್ಟಿಯಿಂದ ಹೊರಗುಳಿದವರಿಗಾಗಿಯೇ 2018ರ ಜನವರಿಯಿಂದ 2019ರ ಮಾರ್ಚ್‌ವರೆಗೆ ‘ಆವಾಸ್ ಪ್ಲಸ್’ ಎಂಬ ಇನ್ನೊಂದು ಸಮೀಕ್ಷೆ ನಡೆಸಬೇಕಾಯಿತು.

2027ರ ಜನಗಣತಿಯನ್ನು ಮೊಬೈಲಿನ ಮೂಲಕವೇ ನಡೆಸುವುದಾಗಿ ಸರ್ಕಾರ 2025ರಲ್ಲಿ ಪ್ರಕಟಿಸಿತು. 2011ರ ಜನಗಣತಿಯ ಮನೆಪಟ್ಟಿಯಲ್ಲಿ ಮನೆಯ ಸ್ಥಿತಿಗೆಂದು ಮೂರೇ ಉತ್ತರಗಳಿದ್ದವು: ಉತ್ತಮ, ವಾಸಯೋಗ್ಯ, ಶಿಥಿಲ. ನಿಮ್ಮ ಗೆಳೆಯನನ್ನೋ ಗೆಳತಿಯನ್ನೋ ಕರೆದುಕೊಂಡು ನಿಮ್ಮ ಬೀದಿಯ ಹತ್ತು ಮನೆಗಳಿಗೆ, ಮನೆಯವರನ್ನು ಕೇಳಿಕೊಂಡು, ಹೋಗಿ ಬನ್ನಿ. ಒಬ್ಬರದನ್ನು ಒಬ್ಬರು ನೋಡದೆ ಈ ಮೂರರಲ್ಲಿ ಒಂದನ್ನು ಬರೆದುಕೊಳ್ಳಿ. ಆಮೇಲೆ ಎರಡೂ ಚೀಟಿಗಳನ್ನು ಪಕ್ಕಪಕ್ಕದಲ್ಲಿಟ್ಟು, ಹತ್ತರಲ್ಲಿ ಎಷ್ಟು ತಾಳೆಯಾದವು ಎಂದು ಎಣಿಸಿ.