ನೆರೆಯ ಬಗೆ ತಿಳಿದರೆ ಆಸ್ತಿ ಉಳಿದೀತು

(ಬಳಿಚಕ್ರದ ರೈತರ ಸಭೆಯಲ್ಲಿ ನೀಡಿದ ಉಪನ್ಯಾಸ)



ನೆರೆ ಎಂದೊಡನೆ ಯಾದಗಿರಿ, ಶಹಾಪುರ, ಸುರಪುರ ಭಾಗದ ಜನರ ಕಣ್ಣಿಗೆ ಕಟ್ಟುವುದು ಕೃಷ್ಣೆ ಮತ್ತು ಭೀಮೆ. ಹೊಳೆಯಿಂದ ದೂರವಿರುವ ರೈತರು ತಮಗೆ ಭಯವಿಲ್ಲವೆಂದು ಭಾವಿಸುವುದುಂಟು. ಇದು ಸರಿಯಲ್ಲ. ನೆರೆಯಲ್ಲಿ ಮೂರು ಬಗೆಗಳಿವೆ. ಬರುವ ನೀರು ಯಾವುದೆಂದು ತಿಳಿದರೆ ಮೊದಲು ಏನನ್ನು ಉಳಿಸಬೇಕೆಂಬುದೂ ತಿಳಿಯುತ್ತದೆ.

ಹೊಳೆಯ ನೆರೆ

ಈ ನೀರು ಬೇರೆಲ್ಲೋ ಸುರಿದ ಮಳೆಯದು. 2019ರ ಆಗಸ್ಟ್‌ನಲ್ಲಿ ಸಹ್ಯಾದ್ರಿಯ ಕಡೆ ಬಿದ್ದ ಮಳೆ ಆಲಮಟ್ಟಿ, ನಾರಾಯಣಪುರ ಜಲಾಶಯಗಳನ್ನು ದಾಟಿ ಸುರಪುರ, ಶಹಾಪುರ ಭಾಗದ ದಂಡೆಯ ಹೊಲಗಳಿಗೆ ನುಗ್ಗಿತು. 2020ರ ಅಕ್ಟೋಬರ್‌ನಲ್ಲಿ ಸೊಲ್ಲಾಪುರ, ಕಲಬುರಗಿ ಕಡೆಯ ಮಳೆಯಿಂದಲೂ ಉಜ್ಜನಿ ಜಲಾಶಯದಿಂದ ಬಿಟ್ಟ ನೀರಿನಿಂದಲೂ ಭೀಮೆ ಉಕ್ಕಿತು. ಹೊಳೆಯ ನೀರು ಹಂತಹಂತವಾಗಿ ಏರುತ್ತದೆ, ಹಲವು ದಿನ ನಿಲ್ಲುತ್ತದೆ. ಮುನ್ಸೂಚನೆಗೆ ಕಾಲಾವಕಾಶವಿರುವುದೇ ಇದರಲ್ಲಿನ ಅನುಕೂಲ.

ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್ ನೀರು. ಒಂದು ಲಕ್ಷ ಕ್ಯೂಸೆಕ್ ಎಂದರೆ ಸೆಕೆಂಡಿಗೆ 28 ಲಕ್ಷ ಲೀಟರ್. ಈ ಲೆಕ್ಕ ಊರಿನ ಗುರುತಿಗೆ ಹೊಂದಿದಾಗಲೇ ಪ್ರಯೋಜನ. ಎಷ್ಟು ಕ್ಯೂಸೆಕ್ ಬಿಟ್ಟಾಗ ಯಾರ ಹೊಲ, ಯಾವ ಪಂಪ್‌ಸೆಟ್ ಮುಳುಗಿತೆಂಬುದನ್ನು ಊರಿನ ಕಲ್ಲಿನ ಮೇಲೆ ಬಣ್ಣದಿಂದ ಬರೆದಿಡಬೇಕು. ಮುಂದಿನ ಸಲ ಪ್ರಕಟಣೆ ಕೇಳಿದೊಡನೆ ಮೋಟಾರು, ಸ್ಟಾರ್ಟರ್, ಪೈಪುಗಳನ್ನು ಮೇಲಕ್ಕೆ ಸಾಗಿಸಬಹುದು. ಮುಳುಗಿದ ಮೋಟಾರನ್ನು ಒಣಗಿಸಿ ಪರೀಕ್ಷೆ ಮಾಡಿಸದೆ ಚಾಲೂ ಮಾಡಬಾರದು.

ಹಳ್ಳದ ನೆರೆ

ಇದು ಒಂದೆರಡು ಗಂಟೆಯ ಬಿರುಮಳೆಯಿಂದ ಬರುವಂಥದು. ಜಲಾಶಯದ ಪ್ರಕಟಣೆ ಇದಕ್ಕೆ ಅನ್ವಯಿಸದು. ಮೇಲ್ಗಡೆ ಮಳೆಯಾಗಿ, ಕೆಳಗಡೆ ಬಿಸಿಲಿರುವಾಗಲೇ ಹಳ್ಳ ತುಂಬಿ ಬರಬಹುದು. ಒಡ್ಡು, ಮೇಲ್ಮಣ್ಣು, ಬಣವೆ, ಹಳ್ಳದ ದಂಡೆಗೆ ಕಟ್ಟಿದ ದನಗಳು ಕೊಚ್ಚಿಹೋಗುತ್ತವೆ. ಇಲ್ಲಿ ಸಾಮಾನು ಸಾಗಿಸಲು ಸಮಯವಿರದು. ಮಳೆಗಾಲಕ್ಕೆ ಮುಂಚೆಯೇ ಬಣವೆಯನ್ನೂ ದನದ ಕೊಟ್ಟಿಗೆಯನ್ನೂ ಎತ್ತರದಲ್ಲಿ ಮಾಡಿಕೊಳ್ಳಬೇಕು. ಹರಿಯುವ ಹಳ್ಳಕ್ಕೆ ಬಂಡಿಯನ್ನಾಗಲಿ ಮೋಟಾರ್ ಸೈಕಲನ್ನಾಗಲಿ ಇಳಿಸಬಾರದು.

ಕೆರೆ ಒಡೆಯುವುದೂ ಇದೇ ಬಗೆಯದು. ಕೋಡಿಯ ಹೂಳು, ಗಿಡಗಂಟಿಗಳನ್ನು ಮೇ ತಿಂಗಳಲ್ಲೇ ತೆಗೆಯಬೇಕು. ಏರಿಯ ಹಿಂಬದಿಯಲ್ಲಿ ಜಿನುಗುವ ನೀರು ಕೆಸರಾಗಿ ಬಂದರೆ ಏರಿಯ ಮಣ್ಣು ಒಳಗೇ ಕೊರೆಯುತ್ತಿದೆ ಎಂದು ತಿಳಿದು, ಕೆಳಗಿನವರನ್ನು ಆ ಕ್ಷಣವೇ ಎಬ್ಬಿಸಬೇಕು.

ನಿಂತ ನೀರು

ಇದು ಸದ್ದಿಲ್ಲದ ನೆರೆ. 2009ರ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ವಾರದವರೆಗೆ ಸುರಿದ ಮಳೆಗೆ ಉತ್ತರ ಕರ್ನಾಟಕದಲ್ಲಿ ಹೊಳೆಯಿಂದ ದೂರವಿದ್ದ ಊರುಗಳಲ್ಲೂ ಮಣ್ಣಿನ ಮನೆಗಳು ಬಿದ್ದವು. ಮಾಳಿಗೆಯ ಮಣ್ಣು ನೀರು ಕುಡಿದು ಭಾರವಾಗುತ್ತದೆ. ಅದೇ ವೇಳೆಗೆ ಗೋಡೆಯ ಬುಡ ನೆನೆದು ಬಲ ಕಳೆದುಕೊಳ್ಳುತ್ತದೆ. ಮಳೆ ನಿಂತ ಮೇಲೂ, ಬಿಸಿಲು ಬಿದ್ದ ಮೇಲೂ ಇಂಥ ಗೋಡೆ ಕುಸಿಯಬಹುದು. ಬಿರುಕು ಕಂಡ ಮನೆಯಲ್ಲಿ ಮಲಗಬಾರದು, ಕಾಳಿನ ಚೀಲ ತರಲೆಂದೂ ಒಳಹೋಗಬಾರದು. ಬೇಸಿಗೆಯಲ್ಲೇ ಮಾಳಿಗೆಯ ಇಳಿಜಾರು ಸರಿಪಡಿಸಿ, ಗೋಡೆಯ ಬುಡದಿಂದ ನೀರು ಹೊರಹೋಗಲು ಕಾಲುವೆ ತೆಗೆಯುವುದು ಕಡಿಮೆ ಖರ್ಚಿನ ರಕ್ಷಣೆ.

ಎರೆಭೂಮಿಯಲ್ಲಿ ನೀರು ಬೇಗ ಇಂಗುವುದಿಲ್ಲ. ತೊಗರಿ, ಹತ್ತಿಯ ಬೇರಿಗೆ ಗಾಳಿ ಸಿಗದೆ ಗಿಡ ಬಾಡುತ್ತದೆ. ಬಸಿಗಾಲುವೆ ತೆಗೆದು ನೀರು ಹೊರಹಾಕಿ, ಮಣ್ಣು ಹದಕ್ಕೆ ಬಂದ ಮೇಲೆ ಎಡೆ ಹೊಡೆಯಬೇಕು. ಲೀಟರ್ ನೀರಿಗೆ 20 ಗ್ರಾಂ ಯೂರಿಯಾ ಬೆರೆಸಿ ಸಿಂಪಡಿಸಿದರೆ ಗಿಡ ಚೇತರಿಸಿಕೊಳ್ಳಲು ನೆರವಾಗುತ್ತದೆ.

ಹಾನಿಯಾದ ಮೇಲೆ

ಬೆಳೆ ವಿಮೆ ಮಾಡಿಸಿದ್ದ ಹೊಲ ಮುಳುಗಿದರೆ 72 ಗಂಟೆಗಳೊಳಗೆ ವಿಮಾ ಕಂಪನಿಗೆ ಅಥವಾ ಸಹಾಯವಾಣಿ 14447ಕ್ಕೆ ತಿಳಿಸಬೇಕು. ಭತ್ತದ ಮುಳುಗಡೆಯನ್ನು 2018ರಲ್ಲಿ ಈ ಸೌಲಭ್ಯದಿಂದ ಕೈಬಿಡಲಾಗಿತ್ತು. 2026ರ ಮುಂಗಾರಿನಿಂದ ಮತ್ತೆ ಸೇರಿಸಲು ಕೇಂದ್ರ ಸರ್ಕಾರ 2025ರ ನವೆಂಬರ್‌ನಲ್ಲಿ ತೀರ್ಮಾನಿಸಿತು. ಬೆಳೆ ವಿಮೆ ಮನೆಗೆ ಅನ್ವಯಿಸುವುದಿಲ್ಲ. ಮನೆ ಬಿದ್ದರೆ ಚಿತ್ರ ತೆಗೆದಿಟ್ಟು, ಗ್ರಾಮ ಆಡಳಿತ ಅಧಿಕಾರಿಗೆ ಕೂಡಲೇ ಅರ್ಜಿ ಕೊಡಬೇಕು. ಪಹಣಿ, ಪಾಸ್‌ಬುಕ್, ವಿಮೆಯ ರಸೀದಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎತ್ತರದಲ್ಲಿಡಬೇಕು.

ಹೊಳೆಯ ನೀರಿಗೆ ಪ್ರಕಟಣೆ ಕೇಳಬೇಕು, ಹಳ್ಳದ ನೀರಿಗೆ ಆಕಾಶ ನೋಡಬೇಕು, ನಿಂತ ನೀರಿಗೆ ಗೋಡೆಯ ಬುಡ ನೋಡಬೇಕು. ಈ ಮೂರನ್ನೂ ಮಳೆಗಾಲಕ್ಕೆ ಮುಂಚೆಯೇ ಮನೆಮಂದಿಗೆಲ್ಲ ತಿಳಿಸಿಕೊಟ್ಟ ರೈತನಿಗೆ ನಷ್ಟ ತಪ್ಪದಿದ್ದರೂ ಕಡಿಮೆಯಾಗುವುದು ಖಂಡಿತ.